ಕುತ್ತಿಗೆ ನೋವಿನ ಮೂಲವನ್ನು ಹುಡುಕುವ ಬಗೆ: ಮನೆಯಲ್ಲೇ ಮಾಡಬಹುದಾದ ದೋಷ ಪತ್ತೆ

ಹಾಸನದಲ್ಲಿರುವ ನನ್ನ ಫಿಸಿಯೋಥೆರಪಿ ಕೊಠಡಿಗೆ ಕುತ್ತಿಗೆ ನೋವೆಂದು ಬರುವವರಲ್ಲಿ ಬಹಳಷ್ಟು ಮಂದಿ ಎಕ್ಸ್‌ರೇ ಲಕೋಟೆಯನ್ನು ಕೈಯಲ್ಲಿ ಹಿಡಿದೇ ಬಂದಿರುತ್ತಾರೆ. ಕುರ್ಚಿಯಲ್ಲಿ ಕೂರುವ ಮೊದಲೇ ಅದನ್ನು ಮೇಜಿನ ಮೇಲಿಟ್ಟು, "ಮೂಳೆ ಸವೆದೈತಂತೆ ಸಾರ್" ಎಂದು ತೀರ್ಪನ್ನೂ ತಾವೇ ಹೇಳಿಬಿಡುತ್ತಾರೆ. ನಾನು ಲಕೋಟೆಯನ್ನು ಪಕ್ಕಕ್ಕೆ ಸರಿಸಿ ಮೊದಲು ಕೇಳುವುದು ಬೇರೆಯೇ: ನೋವು ದಿನದ ಯಾವ ಹೊತ್ತಿಗೆ ಹೆಚ್ಚು, ಮತ್ತು ಆ ಹೊತ್ತಿಗೆ ಮುಂಚಿನ ಎರಡು ಗಂಟೆ ನೀವು ಏನು ಮಾಡುತ್ತಿದ್ದಿರಿ?

ಎಕ್ಸ್‌ರೇ ಸುಳ್ಳು ಹೇಳುತ್ತದೆಂದಲ್ಲ. ನಲವತ್ತು ದಾಟಿದ ಮೇಲೆ ಕುತ್ತಿಗೆಯ ಕೆಳಭಾಗದ ಡಿಸ್ಕ್‌ಗಳು (ಮೂಳೆಗಳ ನಡುವಿನ ಮೆತ್ತೆಗಳು), ಅದರಲ್ಲೂ 5, 6 ಮತ್ತು 7ನೆಯ ಕಶೇರುಕಗಳ, ಎಂದರೆ ಬೆನ್ನುಮೂಳೆಯ ಬಿಡಿ ಮೂಳೆಗಳ, ನಡುವಿನವು, ತೆಳುವಾಗುವುದು ಮತ್ತು ಮೂಳೆಯ ಅಂಚಿನಲ್ಲಿ ಸಣ್ಣ ಮುಳ್ಳುಗಳು ಮೂಡುವುದು ಕೂದಲು ನೆರೆಯುವಷ್ಟೇ ಸಾಮಾನ್ಯ ಸಂಗತಿಯಾಗಿದ್ದು, ಒಂದು ದಿನವೂ ಕುತ್ತಿಗೆ ನೋಯದವರ ಚಿತ್ರದಲ್ಲಿಯೂ ಅದು ಕಾಣಿಸುತ್ತದೆ. ಸವೆತ ಹತ್ತು ವರ್ಷದಿಂದ ಇದ್ದು ನೋವು ಹತ್ತು ದಿನದಿಂದ ಬಂದಿದ್ದರೆ, ಹತ್ತು ದಿನದ ಹಿಂದೆ ಏನು ಬದಲಾಯಿತು ಎಂಬುದನ್ನು ಹುಡುಕಬೇಕು. ಪಂಪ್‌ಸೆಟ್ ನೀರೆತ್ತದಿದ್ದಾಗ ಬಲ್ಲ ಮೆಕ್ಯಾನಿಕ್ ಮೊದಲೇ ಮೋಟಾರ್ ಬಿಚ್ಚುವುದಿಲ್ಲ; ಕರೆಂಟ್ ಬಂದಿದೆಯೇ, ಫ್ಯೂಸ್ ಹೋಗಿದೆಯೇ, ಫುಟ್‌ವಾಲ್ವ್ ನೀರು ಹಿಡಿದಿದೆಯೇ ಎಂದು ಹೊರಗಿನಿಂದ ಒಳಕ್ಕೆ ಬರುತ್ತಾನೆ. ಕುತ್ತಿಗೆಯ ವಿಷಯದಲ್ಲಿಯೂ ಅದೇ ಕ್ರಮ ಸರಿ.

ಅಂಗರಚನೆಯ ವಿಚಾರದಲ್ಲಿ ಇಷ್ಟು ತಿಳಿದಿದ್ದರೆ ಸಾಕು. ಕುತ್ತಿಗೆಯಲ್ಲಿ 7 ಕಶೇರುಕಗಳೂ ಅಲ್ಲಿಂದ ಹೊರಡುವ 8 ಜೊತೆ ನರಗಳೂ ಇವೆ. ಬೆಳೆದವರ ತಲೆಯ ತೂಕ ಸುಮಾರು 4.5ರಿಂದ 5 ಕಿಲೋ. ತಲೆಯನ್ನು ಎಡಬಲಕ್ಕೆ ತಿರುಗಿಸುವ ಚಲನೆಯಲ್ಲಿ ಸುಮಾರು ಅರ್ಧ ಪಾಲು ಮೇಲಿನ ಎರಡು ಕಶೇರುಕಗಳ ನಡುವೆಯೇ ನಡೆಯುತ್ತದೆ. ಸವೆತ ಮಾತ್ರ ಹೆಚ್ಚಾಗಿ ಕೆಳಗಿನವುಗಳಲ್ಲಿ ಕಾಣುತ್ತದೆ.

ಮೊದಲು ತಳ್ಳಿಹಾಕಬೇಕಾದ ಅಪಾಯಗಳು

ಈ ಭಾಗದಲ್ಲಿ ಹೇಳುವ ಯಾವುದೇ ಒಂದು ಲಕ್ಷಣ ಇದ್ದರೆ ಮನೆಯ ಪರೀಕ್ಷೆಗಳನ್ನು ಬಿಟ್ಟು ನೇರವಾಗಿ ಆಸ್ಪತ್ರೆಗೆ ಹೋಗಬೇಕು.

ನಮ್ಮ ಕಡೆ ಮೊದಲು ಹೇಳಬೇಕಾದದ್ದು ಬೀಳುವ ವಿಚಾರ. ಸಿಲ್ವರ್ ಓಕ್ ಮರಕ್ಕೆ ಏಣಿ ಒರಗಿಸಿ ಮೆಣಸು ಕೊಯ್ಯುವಾಗ, ಮರಗಸಿ ಮಾಡುವಾಗ (ನೆರಳು ಮರದ ಕೊಂಬೆ ಕಡಿಯುವಾಗ), ಅಡಿಕೆ ಮರ ಹತ್ತಿದಾಗ ಬಿದ್ದು ಕುತ್ತಿಗೆ ನೋಯುತ್ತಿದ್ದರೆ, ಎತ್ತರ ಬರೀ 3 ಅಡಿಯೇ ಆಗಿರಲಿ, ಮೂಳೆ ಮುರಿದಿರಬಹುದೆಂದೇ ಭಾವಿಸಿ ನಡೆದುಕೊಳ್ಳಬೇಕು. ಬಿದ್ದವನ ಕೈಕಾಲು ಹಿಡಿದೆತ್ತಿ ಜೀಪಿನ ಹಿಂದೆ ಮಲಗಿಸಿ ತೋಟದ ಗುಂಡಿ ಬಿದ್ದ ದಾರಿಯಲ್ಲಿ ಓಡಿಸುವುದು ನಾವು ಒಳ್ಳೆಯ ಮನಸ್ಸಿನಿಂದಲೇ ಮಾಡುವ ತಪ್ಪು. ಮುರಿದ ಮೂಳೆಯೊಳಗೆ ಇನ್ನೂ ಸರಿಯಾಗಿದ್ದ ಮಿದುಳುಬಳ್ಳಿ (ಬೆನ್ನುಹುರಿ) ಆ ದಾರಿಯಲ್ಲಿಯೇ ಕೆಟ್ಟುಹೋಗಬಹುದು. ಬಿದ್ದಲ್ಲಿಯೇ ಬಿಟ್ಟು 108ಕ್ಕೆ ಕರೆ ಮಾಡಿ, ಒಬ್ಬರು ತಲೆಯ ಎರಡೂ ಪಕ್ಕ ಕೈಯಿಟ್ಟು ಅಲುಗದಂತೆ ಹಿಡಿದಿರಬೇಕು. ಸರಿಸದೆ ವಿಧಿಯೇ ಇಲ್ಲವೆಂದಾದರೆ, ತಲೆ ಮೈ ಎರಡನ್ನೂ ಒಟ್ಟಿಗೆ ಮರದ ದಿಮ್ಮಿಯಂತೆ ಉರುಳಿಸಿ ಹಲಗೆಯ ಮೇಲೆ ತೆಗೆದುಕೊಳ್ಳಬೇಕು.

ಎರಡನೆಯದು ಮಿದುಳುಬಳ್ಳಿಯ ಮೇಲಿನ ಒತ್ತಡ. ಇದರಲ್ಲಿ ನೋವು ಕಡಿಮೆ ಇರುವುದರಿಂದಲೇ ಜನ ತಿಂಗಳುಗಟ್ಟಲೆ ಸುಮ್ಮನಿರುತ್ತಾರೆ. ಅಂಗಿಯ ಗುಂಡಿ ಹಾಕಲು ತಡವರಿಸುವುದು, ಅನ್ನ ಕಲಸುವಾಗ ಬೆರಳು ಮಾತು ಕೇಳದಿರುವುದು, ನಡೆಯುವಾಗ ಚಪ್ಪಲಿ ಕಾಲಿನಿಂದ ಜಾರಿಹೋದದ್ದು ತಿಳಿಯದಿರುವುದು, ಕತ್ತು ಬಗ್ಗಿಸಿದೊಡನೆ ಬೆನ್ನಿನುದ್ದಕ್ಕೂ ಕರೆಂಟ್ ಹೊಡೆದಂತಾಗುವುದು, ಮೂತ್ರದ ಮೇಲೆ ಹಿಡಿತ ತಪ್ಪುವುದು ಇದರ ಲಕ್ಷಣಗಳು. ಅರವತ್ತು ದಾಟಿದವರು "ವಯಸ್ಸಾಯ್ತಲ್ಲ, ಕಾಲು ಎಳೆಯುತ್ತೆ" ಎಂದರೆ ನಾನು ಅವರ ಚಪ್ಪಲಿಯ ಬಗ್ಗೆ ತಪ್ಪದೆ ಕೇಳುತ್ತೇನೆ.

ಜ್ವರ, ತಲೆನೋವುಗಳ ಜೊತೆ ಗದ್ದ ಎದೆಗೆ ತಾಗಿಸಲಾಗದಷ್ಟು ಕತ್ತು ಬಿಗಿದಿದ್ದರೆ ಅದು ಮಿದುಳುಪೊರೆಯ ಉರಿಯೂತವಿರಬಹುದು. ಒಂದು ಗಂಟೆಯೂ ಕಾಯುವಂತಿಲ್ಲ. ಹಿಂದೆಂದೂ ಕಾಣದಂಥ ತೀವ್ರ ನೋವು ಕುತ್ತಿಗೆಯ ಒಂದು ಪಕ್ಕದಲ್ಲಿ ದಿಢೀರನೆ ಬಂದು, ತಲೆಸುತ್ತು, ಎರಡೆರಡು ಕಾಣುವುದು ಅಥವಾ ಮಾತು ತೊದಲುವುದು ಕೂಡಿಕೊಂಡರೆ ಮಿದುಳಿಗೆ ಹೋಗುವ ರಕ್ತನಾಳದ ಒಳಪದರ ಹರಿದಿರುವ ಸಂಭವವಿದೆ. ತೋಟದ ಏರು ಹತ್ತುವಾಗ ಕುತ್ತಿಗೆ, ದವಡೆ, ಎಡತೋಳು ಹಿಡಿದಂತಾಗಿ ಬೆವರು ಬಂದು, ನಿಂತರೆ ಇಳಿಯುವ ನೋವು ಹೃದಯದ್ದು. ಕುತ್ತಿಗೆಯನ್ನು ಎತ್ತ ತಿರುಗಿಸಿದರೂ ಅದು ಹೆಚ್ಚುಕಡಿಮೆಯಾಗುವುದಿಲ್ಲ ಎಂಬುದೇ ಅದರ ಗುರುತು. ವಾರಗಟ್ಟಲೆ ರಾತ್ರಿ ನಿದ್ದೆ ಕೆಡಿಸುವ ನೋವಿನೊಂದಿಗೆ ಸಂಜೆ ಜ್ವರ, ತೂಕ ಇಳಿಕೆ ಇದ್ದರೆ ಬೆನ್ನುಮೂಳೆಯ ಕ್ಷಯವನ್ನೂ ಗಡ್ಡೆಯನ್ನೂ ವೈದ್ಯರು ಪರೀಕ್ಷಿಸಿ ತಳ್ಳಿಹಾಕಬೇಕು. ಕ್ಷಯಕ್ಕೆ ಸರ್ಕಾರಿ ಆಸ್ಪತ್ರೆಗಳಲ್ಲಿ ಚಿಕಿತ್ಸೆ ಉಚಿತವಾಗಿದೆ, ಮತ್ತು ಅದು ವಾಸಿಯಾಗುವ ಕಾಯಿಲೆ.

ನೋವು ಕುತ್ತಿಗೆಯದೇ ಹೌದೇ?

ಅಪಾಯದ ಲಕ್ಷಣಗಳಿಲ್ಲವೆಂದು ಖಚಿತವಾದ ಮೇಲೆ ಒಂದು ಸಣ್ಣ ಪರೀಕ್ಷೆ ಮಾಡಿ. ಕುರ್ಚಿಯಲ್ಲಿ ನೆಟ್ಟಗೆ ಕುಳಿತು, ತೋಳುಗಳನ್ನು ತೊಡೆಯ ಮೇಲೆ ಬಿಟ್ಟು, ತಲೆಯನ್ನು ನಿಧಾನವಾಗಿ ಕೆಳಗೆ, ಮೇಲೆ, ಎಡಕ್ಕೆ, ಬಲಕ್ಕೆ ತಿರುಗಿಸಿ. ಅನಂತರ ಕಿವಿಯನ್ನು ಹೆಗಲ ಕಡೆಗೆ ವಾಲಿಸಿ. ಯಾವ ದಿಕ್ಕಿನಲ್ಲಿ ನೋವು ಏಳುತ್ತದೆ ಎಂದು ಬರೆದುಕೊಳ್ಳಿ. ಆಮೇಲೆ ಕುತ್ತಿಗೆಯನ್ನು ಅಲುಗಿಸದೆ ತೋಳನ್ನು ಪಕ್ಕದಿಂದ ಮೇಲೆತ್ತಿ, ಕೈಯನ್ನು ಬೆನ್ನ ಹಿಂದೆ ಒಯ್ಯಿರಿ. ಕುತ್ತಿಗೆಯ ಚಲನೆಗೆ ಸುಮ್ಮನಿದ್ದ ನೋವು ತೋಳಿನ ಚಲನೆಗೆ ಎದ್ದರೆ ದೋಷ ಭುಜದ ಕೀಲಿನಲ್ಲಿದೆ. ಸಕ್ಕರೆ ಕಾಯಿಲೆಯವರಲ್ಲಿ ಭುಜ ಗಟ್ಟಿಯಾಗುವುದು ಹೆಚ್ಚು. ಅವರು ಕುತ್ತಿಗೆ ನೋವೆಂದೇ ಬರುತ್ತಾರೆ, ಆದರೆ ರವಿಕೆಯ ಅಥವಾ ಬನಿಯನ್ನಿನ ತೋಳು ಹಾಕಿಕೊಳ್ಳುವಾಗ ಮುಖ ಕಿವುಚುತ್ತಾರೆ.

ಕೈಯ ಜೋಮಿನ ವಿಷಯದಲ್ಲಿಯೂ ಮೋಸ ಹೋಗುವುದುಂಟು. ಹೆಬ್ಬೆರಳು, ತೋರುಬೆರಳು, ನಡುಬೆರಳುಗಳು ನಡುರಾತ್ರಿಯಲ್ಲಿ ಜೋಮು ಹಿಡಿದು ಎಚ್ಚರವಾಗಿ, ಕೈ ಕೊಡವಿದರೆ ಸರಿಹೋಗುತ್ತಿದ್ದರೆ ನರ ಸಿಕ್ಕಿಕೊಂಡಿರುವುದು ಮಣಿಕಟ್ಟಿನಲ್ಲಿ. ಬಸುರಿಯರು, ಥೈರಾಯ್ಡ್ ಕೊರತೆ ಇರುವವರು ಮತ್ತು ಮಧುಮೇಹಿಗಳಲ್ಲಿ ಇದು ಸಾಮಾನ್ಯ. ಕಿರುಬೆರಳು, ಉಂಗುರಬೆರಳು ಮಾತ್ರ ಜೋಮಾಗುತ್ತಿದ್ದರೆ, ಅಂಗಡಿಯ ಗಲ್ಲಾದ ಮೇಲೆ ದಿನವಿಡೀ ಮೊಣಕೈ ಊರಿ ಕೂರುವ ಅಭ್ಯಾಸವಿದೆಯೇ ಎಂದು ಮೊದಲು ನೋಡಿ. ಇವರಿಗೆಲ್ಲ ಕುತ್ತಿಗೆಗೆ ಪಟ್ಟಿ ಹಾಕಿ ಪ್ರಯೋಜನವಿಲ್ಲ.

ಎದ್ದಾಗಲೇ ಇರುವ ನೋವು

ರಾತ್ರಿ ಸರಿಯಾಗಿ ಮಲಗಿ ಬೆಳಿಗ್ಗೆ ಕತ್ತು ಹಿಡಿದುಕೊಂಡಿದ್ದರೆ, ಅದು ಬಿಸಿನೀರು ಬಿದ್ದು ಒಂದೆರಡು ಗಂಟೆ ಓಡಾಡಿದ ಮೇಲೆ ಸಡಿಲಿಸುತ್ತಿದ್ದರೆ, ಕಾರಣವನ್ನು ಹಾಸಿಗೆಯಲ್ಲಿ ಹುಡುಕಬೇಕು. ಚಿಕ್ಕಮಗಳೂರಿನ ಮಾಗಿಯ ಚಳಿಯಲ್ಲಿ ಜನ ಇದನ್ನು ಗಾಳಿ ಹಿಡಿದದ್ದೆಂದು ಹೇಳುತ್ತಾರೆ. ತಣ್ಣನೆಯ ಗಾಳಿಗಿಂತ, ಚಳಿಗೆ ಹೆಗಲನ್ನು ಕಿವಿಯವರೆಗೆ ಏರಿಸಿಕೊಂಡು ಮುದುಡಿ ಮಲಗುವುದರ ಮೇಲೆ ನನ್ನ ಅನುಮಾನ ಹೆಚ್ಚು.

ದಿಂಬಿನ ಎತ್ತರವನ್ನು ಅಳೆಯಲು ಮನೆಯವರೊಬ್ಬರ ಸಹಾಯ ಬೇಕು. ನೀವು ಪಕ್ಕಕ್ಕೆ ತಿರುಗಿ ಮಲಗಿದಾಗ ಅವರು ಎದುರಿನಿಂದ ನೋಡಿ, ಮೂಗಿನ ತುದಿ ಮತ್ತು ಎದೆಯ ನಡುಮೂಳೆ ಒಂದೇ ಗೆರೆಯಲ್ಲಿವೆಯೇ ಎಂದು ಹೇಳಬೇಕು. ಮೂಗು ಹಾಸಿಗೆಯ ಕಡೆಗೆ ವಾಲಿದ್ದರೆ ದಿಂಬು ತೆಳು, ಸೂರಿನ ಕಡೆಗೆ ವಾಲಿದ್ದರೆ ದಪ್ಪ. ಅಂಗಾತ ಮಲಗುವವರಲ್ಲಿ ಗದ್ದ ಎದೆಗೆ ಒತ್ತಿಕೊಂಡಿದ್ದರೆ ದಿಂಬು ಎತ್ತರವಾಯಿತೆಂದು ಅರ್ಥ. ಹೊಸದನ್ನು ಕೊಳ್ಳುವ ಮೊದಲು ಸ್ನಾನದ ಟವೆಲನ್ನು ಮಡಿಸಿ ಎತ್ತರವನ್ನು ಹೆಚ್ಚಿಸಿಯೋ ಕಡಿಮೆ ಮಾಡಿಯೋ ಮೂರು ರಾತ್ರಿ ನೋಡಿ. ಒಂದೇ ರಾತ್ರಿಯ ಫಲವನ್ನು ನಂಬಬೇಡಿ. ಬೋರಲು ಮಲಗುವವರಿಗೆ ಯಾವ ದಿಂಬೂ ಒಗ್ಗುವುದಿಲ್ಲ, ಏಕೆಂದರೆ ಉಸಿರಾಡಲು ತಲೆಯನ್ನು ರಾತ್ರಿಯಿಡೀ ಒಂದೇ ಕಡೆಗೆ ತಿರುಗಿಸಿಟ್ಟಿರುತ್ತಾರೆ.

ಕತ್ತು ಉಳುಕಿದರೆ ದಿಂಬನ್ನು ಬಿಸಿಲಿಗೆ ಹಾಕಬೇಕೆಂದು ಹಳಬರು ಹೇಳುವುದನ್ನು ನಾನು ಚಿಕ್ಕವನಿದ್ದಾಗ ನಂಬಿಕೆಯೆಂದೇ ತಿಳಿದಿದ್ದೆ. ಬೂರುಗದ ಹತ್ತಿಯ ದಿಂಬು ಮಲೆನಾಡಿನ ಮಳೆಗಾಲದಲ್ಲಿ ತೇವ ಕುಡಿದು ಗಂಟುಗಟ್ಟಿ, ತಲೆಯಿಡುವ ಕಡೆ ಹೊಂಡ ಬೀಳುತ್ತದೆ. ಒಂದು ಮಧ್ಯಾಹ್ನದ ಬಿಸಿಲು ಕಂಡು ಕೋಲಿನಿಂದ ಬಡಿಸಿಕೊಂಡರೆ ಉಬ್ಬಿ ಹಳೆಯ ಎತ್ತರಕ್ಕೆ ಬರುತ್ತದೆ. ಈಗ ನಾನೂ ರೋಗಿಗಳಿಗೆ ಹೇಳುತ್ತೇನೆ.

ಎರಡು ಬಗೆಯ ಬೆಳಗಿನ ಬಿಗಿತಕ್ಕೆ ಮಾತ್ರ ದಿಂಬಿನ ಲೆಕ್ಕ ಹೊಂದುವುದಿಲ್ಲ. ಬೆರಳ ಗಿಣ್ಣುಗಳು ಬಾತು ಅರ್ಧ ಗಂಟೆಗೂ ಮೀರಿ ಬಿಗಿಯಿದ್ದರೆ ಸಂಧಿವಾತವನ್ನು, ನಲವತ್ತಕ್ಕಿಂತ ಕಿರಿಯರಲ್ಲಿ ಸೊಂಟದಿಂದ ಕುತ್ತಿಗೆಯವರೆಗೆ ಬಿಗಿಯಿದ್ದು ಓಡಾಡಿದರೆ ಕಡಿಮೆಯಾಗಿ ವಿಶ್ರಾಂತಿಯಿಂದ ಹೆಚ್ಚುತ್ತಿದ್ದರೆ ಬೆನ್ನುಮೂಳೆಯ ಉರಿಯೂತವನ್ನು ಪರೀಕ್ಷಿಸಬೇಕಾಗುತ್ತದೆ. ಹಳೆಯ ಸಂಧಿವಾತದವರ ಕುತ್ತಿಗೆಯನ್ನು ಯಾರೂ ಬಲವಾಗಿ ತಿರುಗಿಸಬಾರದು.

ಹೊತ್ತು ಏರಿದಂತೆ ಏರುವ ನೋವು

ಬೆಳಿಗ್ಗೆ ಹಗುರವಾಗಿದ್ದು ಮಧ್ಯಾಹ್ನದ ಹೊತ್ತಿಗೆ ಹೆಕ್ಕತ್ತಿನಲ್ಲಿ ಶುರುವಾಗಿ, ಸಂಜೆಗೆ ಹೆಗಲೆಲುಬಿನ ಒಳಮೂಲೆಯಲ್ಲಿ ಮೊಳೆ ಹೊಡೆದಂತಾಗುವ ನೋವು ನಾನು ಅತಿ ಹೆಚ್ಚು ನೋಡುವಂಥದ್ದು. ಇದು ಸ್ನಾಯುಗಳ ದಣಿವು. ನೀರು ತುಂಬಿದ ಕೊಡವನ್ನು ಸೊಂಟಕ್ಕೆ ಆನಿಸಿ ಒಂದು ಫರ್ಲಾಂಗು ನಡೆಯಬಹುದು. ಅದೇ ಕೊಡವನ್ನು ಕೈ ಚಾಚಿ ಹಿಡಿದರೆ ಹತ್ತು ಹೆಜ್ಜೆ ಕಷ್ಟ. ಐದು ಕಿಲೋ ತಲೆ ಹೆಗಲ ನೇರಕ್ಕೆ ನಿಂತಿರುವುದಕ್ಕೂ ಮುಂದಕ್ಕೆ ಬಾಗಿ ನೇತಾಡುವುದಕ್ಕೂ ಅಷ್ಟೇ ವ್ಯತ್ಯಾಸವಿದ್ದು, ಹಿಂದಿನ ಸ್ನಾಯುಗಳು ಆ ಭಾರವನ್ನು ಗಂಟೆಗಟ್ಟಲೆ ಎಳೆದು ಹಿಡಿದಿರಬೇಕಾಗುತ್ತದೆ.

ಮೊಬೈಲನ್ನು ಎಲ್ಲರೂ ದೂರುತ್ತಾರೆ, ಅದರಲ್ಲಿ ತಪ್ಪೇನಿಲ್ಲ. ಆದರೆ ನಮ್ಮ ಹಾಸನ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಮೊಬೈಲಿಗೂ ಮೊದಲಿನಿಂದ ಇದೇ ನೋವು ಬರುತ್ತಿರುವ ಕಡೆಗಳಿವೆ. ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಕಪ್ಪು ಬೀಜ, ಒಡಕು ಬೀಜ ಆರಿಸುವ ಹೆಂಗಸರು ಇಡೀ ಪಾಳಿ ತಲೆ ಬಗ್ಗಿಸಿಯೇ ಕೂತಿರುತ್ತಾರೆ. ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಯಂತ್ರದ ಸೂಜಿಯ ಮೇಲೆ ಕಣ್ಣಿಟ್ಟವರದೂ ಅದೇ ಕಥೆ. ಹಬ್ಬ, ಮದುವೆ ಬಂದರೆ ಮೆಟ್ಟುಗತ್ತಿಯ ಮುಂದೆ ಕೂತು ಹಲಸಿನಕಾಯಿ ಬಿಡಿಸುವವರಿಗೆ ಮರುದಿನ ಕತ್ತು ತಿರುಗುವುದಿಲ್ಲ.

ಇಲ್ಲಿ ಪರೀಕ್ಷೆ ಸರಳ: ಭಂಗಿಯನ್ನು ಒಂದೇ ಒಂದು ಅಂಶದಲ್ಲಿ ಬದಲಾಯಿಸಿ ಒಂದು ವಾರ ನೋಡುವುದು. ಬೀಜ ಆರಿಸುವ ತಟ್ಟೆಯನ್ನು ನೆಲದಿಂದ ಎತ್ತಿ ಮೇಜಿಗೋ ಮಣೆಗೋ ತಂದರೆ, ಅಥವಾ ಹೊಲಿಗೆ ಸ್ಟೂಲನ್ನು ಎರಡಂಗುಲ ತಗ್ಗಿಸಿದರೆ, ಸಂಜೆಯ ನೋವು ಎಷ್ಟು ಗಂಟೆ ತಡವಾಗಿ ಬರುತ್ತದೆ ಎಂಬುದನ್ನು ಗಮನಿಸಿ. ಮೂರು ಗಂಟೆಗೆ ಬರುತ್ತಿದ್ದದ್ದು ಐದಕ್ಕೆ ಸರಿದರೆ ಮೂಲ ಸಿಕ್ಕಿತೆಂದು ತಿಳಿಯಬೇಕು, ನೋವು ಪೂರ್ತಿ ಹೋಗದಿದ್ದರೂ. ಎಲ್ಲವನ್ನೂ ಒಂದೇ ದಿನ ಬದಲಿಸಿದವರಿಗೆ ಯಾವುದು ಫಲ ಕೊಟ್ಟಿತೆಂಬುದು ಗೊತ್ತಾಗದೆ, ಮತ್ತೆ ನೋವು ಬಂದಾಗ ಮೊದಲಿನಿಂದ ಹುಡುಕುವಂತಾಗುತ್ತದೆ.

ಕನ್ನಡಕ ಒಂದು ಅಡಗಿದ ಕಾರಣ. ಬ್ಯಾಂಕಿನ ಗುಮಾಸ್ತರೊಬ್ಬರು ಆರು ತಿಂಗಳಲ್ಲಿ ಮೂರು ದಿಂಬು ಬದಲಿಸಿ ಬಂದಿದ್ದರು; ನೋವು ಮಾತ್ರ ಭಾನುವಾರ ಇರುತ್ತಿರಲಿಲ್ಲ. ನನ್ನ ಕಂಪ್ಯೂಟರಿನ ಮುಂದೆಯೇ ಅವರನ್ನು ಕೂರಿಸಿ ಏನಾದರೂ ಓದಲು ಹೇಳಿ ಪಕ್ಕದಿಂದ ನೋಡಿದೆ. ಸಾಲು ಸಾಲಿಗೂ ಗದ್ದ ಮೇಲೇಳುತ್ತಿತ್ತು. ಓದುವ ಪವರ್ ಮಸೂರದ ಕೆಳತುದಿಯಲ್ಲಿದ್ದು ಪರದೆ ಕಣ್ಣಿನ ಮಟ್ಟದಲ್ಲಿದ್ದುದರಿಂದ, ಅಕ್ಷರ ಸ್ಪಷ್ಟವಾಗಲು ಅವರು ದಿನಕ್ಕೆ ಏಳು ಗಂಟೆ ತಲೆಯನ್ನು ಹಿಂದಕ್ಕೆ ಚೆಲ್ಲಿ ಕೂರುತ್ತಿದ್ದರು. ಪರದೆಯ ದೂರಕ್ಕೆಂದೇ ಬೇರೆ ಕನ್ನಡಕ ಮಾಡಿಸಿಕೊಂಡ ಮೇಲೆ ಅವರಿಗೆ ನನ್ನ ಚಿಕಿತ್ಸೆ ಬೇಕಾಗಲಿಲ್ಲ.

ವಾಹನ ಓಡಿಸುವವರಿಗೆ ಇನ್ನೊಂದು ಉಪಾಯವಿದೆ. ಬೆಳಿಗ್ಗೆ ನೆಟ್ಟಗೆ ಕುಳಿತು ಒಳಗನ್ನಡಿಯನ್ನು ಹೊಂದಿಸಿ, ಅನಂತರ ಅದನ್ನು ಮುಟ್ಟಬೇಡಿ. ಶಿರಾಡಿಯನ್ನೋ ಚಾರ್ಮಾಡಿಯನ್ನೋ ಇಳಿದು ಹತ್ತಿ ಬರುವ ಹೊತ್ತಿಗೆ ಕನ್ನಡಿಯಲ್ಲಿ ಹಿಂದಿನ ರಸ್ತೆ ಸರಿಯಾಗಿ ಕಾಣದೆ ಕನ್ನಡಿ ತಗ್ಗಿಸೋಣ ಎನ್ನಿಸಿದರೆ, ತಗ್ಗಿರುವುದು ನೀವು. ಗದ್ದ ಮುಂದೆ ಚಾಚಿ ಬೆನ್ನು ಕುಸಿದಿರುವುದಕ್ಕೆ ಅದಕ್ಕಿಂತ ಪ್ರಾಮಾಣಿಕ ಸಾಕ್ಷಿ ಸಿಗದು.

ಹಿಂದಿನಿಂದ ಇನ್ನೊಂದು ವಾಹನ ಗುದ್ದಿದ್ದಾಗ ನೋವು ಆ ಕ್ಷಣವೇ ಬರಬೇಕೆಂದಿಲ್ಲ. ಒಂದೆರಡು ದಿನ ತಡವಾಗಿ ಕಾಣಿಸಿಕೊಳ್ಳುವುದು ಸಾಮಾನ್ಯ. ಹಾಗಾಗಿ ವಾರದ ಹಿಂದಿನ ಸಣ್ಣ ಗುದ್ದನ್ನೂ ವೈದ್ಯರಿಗೆ ಹೇಳಿ.

ಹೆಕ್ಕತ್ತಿನಲ್ಲಿ ಹುಟ್ಟಿ ಒಂದೇ ಪಕ್ಕದಲ್ಲಿ ಹಣೆಯವರೆಗೆ ಹತ್ತುವ ತಲೆನೋವು ಕೂಡ ಇದೇ ಗುಂಪಿಗೆ ಸೇರಬಹುದು. ಕುತ್ತಿಗೆಯ ಮೇಲಿನ ಮೂರು ನರಗಳೂ ಮುಖದ ಸಂವೇದನೆ ಒಯ್ಯುವ ನರವೂ ಮಿದುಳುಬಳ್ಳಿಯ ಒಂದೇ ತಾಣದಲ್ಲಿ ಸೇರುವುದರಿಂದ, ಅಲ್ಲಿನ ನೋವು ಕಣ್ಣಿನ ಹಿಂದೆ ಇದ್ದಂತೆ ಭಾಸವಾಗುತ್ತದೆ.

ತಲೆ ಎತ್ತಿದಾಗ ಬರುವ ನೋವು

ಮೇಲೆ ನೋಡಿದಾಗ, ಅದರಲ್ಲೂ ಮೇಲೆ ನೋಡುತ್ತ ಒಂದು ಪಕ್ಕಕ್ಕೆ ತಿರುಗಿದಾಗ ಬೆರಳಿಟ್ಟು ತೋರಿಸಬಹುದಾದ ಒಂದು ಜಾಗದಲ್ಲಿ ಕಚ್ಚಿಕೊಳ್ಳುವ ನೋವು ಕಶೇರುಕಗಳ ಹಿಂಬದಿಯ ಸಣ್ಣ ಕೀಲುಗಳದ್ದಾಗಿರುತ್ತದೆ. ಬೇಲೂರು ದೇವಾಲಯದ ನವರಂಗದಲ್ಲಿ ಭುವನೇಶ್ವರಿಯನ್ನು, ಎಂದರೆ ಕೆತ್ತನೆಯ ಒಳಛಾವಣಿಯನ್ನು, ಕಣ್ತುಂಬ ನೋಡಿ ಹೊರಬಂದ ಪ್ರವಾಸಿಗರು ಕತ್ತು ಒತ್ತಿಕೊಳ್ಳುವುದು ಇದರ ಸೌಮ್ಯ ರೂಪ.

ಕೊಪ್ಪ, ಶೃಂಗೇರಿ ಕಡೆಯ ಅಡಿಕೆ ತೋಟಗಳಲ್ಲಿ ಕಾರ್ಬನ್ ಫೈಬರ್ ದೋಟಿ ಬಂದ ಮೇಲೆ ಮರ ಹತ್ತಿ ಬೀಳುವ ಅಪಾಯ ತಪ್ಪಿತು. ಅದು ದೊಡ್ಡ ಉಪಕಾರವೇ. ಆದರೆ ನೆಲದಲ್ಲಿ ನಿಂತು ಮರದ ತುದಿಯ ಗೊನೆ ನೋಡುತ್ತ ಇಡೀ ದಿನ ದೋಟಿ ಹಿಡಿದವರ ಕುತ್ತಿಗೆ ಆ ಉಪಕಾರದ ಬೆಲೆ ತೆರುತ್ತದೆ. ಮಳೆಗಾಲದಲ್ಲಿ ಕೊಳೆರೋಗ ತಡೆಯುವ ಬೋರ್ಡೋ ದ್ರಾವಣ ಹೊಡೆಯುವಾಗಲೂ ಅಷ್ಟೇ. ಮರದ ಬುಡಕ್ಕೆ ಹತ್ತಿರ ನಿಂತಷ್ಟೂ ತಲೆ ಹೆಚ್ಚು ಹಿಂದಕ್ಕೆ ವಾಲುತ್ತದೆ. ಎರಡು ಮೂರು ಹೆಜ್ಜೆ ಹಿಂದೆ ಸರಿದು ಓರೆಯಾಗಿ ನೋಡಿದರೆ, ಮತ್ತು ಕೊಯ್ಯುವವರೂ ಗೊನೆ ಹಿಡಿಯುವವರೂ ಅರ್ಧ ಗಂಟೆಗೊಮ್ಮೆ ಕೆಲಸ ಅದಲುಬದಲು ಮಾಡಿಕೊಂಡರೆ ನೋವು ಇಳಿಯುತ್ತದೆಯೇ ಎಂದು ನೋಡಬೇಕು. ತಲೆ ಎತ್ತಿದೊಡನೆ ಕಣ್ಣು ಕತ್ತಲೆ ಬರುವವರು ಈ ಕೆಲಸವನ್ನೂ ಏಣಿಯನ್ನೂ ಬಿಟ್ಟು ವೈದ್ಯರನ್ನು ಕಾಣಬೇಕು.

ತಲೆಹೊರೆಯವರ ತೊಂದರೆ ಬೇರೆ. ಕಾಫಿ ಹಣ್ಣಿನ ಚೀಲವನ್ನು ಸಂಜೆ ತೂಕದ ಜಾಗಕ್ಕೆ ತಲೆಯ ಮೇಲೆ ಹೊತ್ತು ತರುವಾಗ ಭಾರ ನೇರವಾಗಿ ಡಿಸ್ಕ್‌ಗಳ ಮೇಲೆ ಬೀಳುತ್ತದೆ. ವರ್ಷಗಳ ಲೆಕ್ಕದಲ್ಲಿ ಅದು ಸವೆತವನ್ನು ಬೇಗ ತರುತ್ತದೆ; ಆದರೆ ಒಂದೇ ದಿನದಲ್ಲಿ ಎದ್ದ ನೋವಿನ ಮೂಲ ಕೇಳಿದರೆ, ನಡೆದದ್ದಕ್ಕಿಂತ ಚೀಲವನ್ನು ಒಬ್ಬರೇ ತಲೆಗೇರಿಸಿಕೊಂಡ ಅಥವಾ ಕತ್ತು ಹೊರಳಿಸಿ ಒಂದೇ ಬದಿಗೆ ಎಸೆದ ಕ್ಷಣವೇ ಹೆಚ್ಚು ಸಲ ಹೊರಬೀಳುತ್ತದೆ. ಸಿಂಬೆ ಇಟ್ಟರಷ್ಟೇ ಸಾಲದು, ಏರಿಸಲು ಮತ್ತು ಇಳಿಸಲು ಇನ್ನೊಬ್ಬರ ಕೈ ಬೇಕು. ಚೀಲವನ್ನು ಅರ್ಧ ಮಾಡಿ ಎರಡು ಸಲ ನಡೆಯುವುದಕ್ಕೆ ಮೇಸ್ತ್ರಿ ಒಪ್ಪುವಂತೆ ಮಾಡುವುದು ತೋಟದ ಮಾಲೀಕರ ಕೆಲಸ.

ತೋಳಿಗೆ ಇಳಿಯುವ ನೋವು

ಕುತ್ತಿಗೆಗಿಂತ ತೋಳು ಹೆಚ್ಚು ನೋಯುತ್ತಿದ್ದು, ಕೆಮ್ಮಿದರೆ, ಸೀನಿದರೆ ಬೆರಳ ತುದಿಯವರೆಗೆ ಛಳಕು ಹೊಡೆಯುತ್ತಿದ್ದರೆ ಡಿಸ್ಕ್ ಅಥವಾ ಮೂಳೆಯ ಮುಳ್ಳು ನರದ ಬುಡವನ್ನು ಒತ್ತುತ್ತಿರಬಹುದು. ನೋಯುವ ಬದಿಯ ಅಂಗೈಯನ್ನು ನೆತ್ತಿಯ ಮೇಲಿಟ್ಟು ಒಂದು ನಿಮಿಷ ಕುಳಿತು ನೋಡಿ. ತೋಳಿನ ನೋವು ಇಳಿದರೆ ಆ ಅನುಮಾನ ಬಲವಾಗುತ್ತದೆ, ಏಕೆಂದರೆ ಆ ಭಂಗಿಯಲ್ಲಿ ನರದ ಮೇಲಿನ ಎಳೆತ ಸಡಿಲುತ್ತದೆ. ಕೆಲವರು ಯಾರೂ ಹೇಳದೆಯೇ ಹಾಗೆ ಕೈಯಿಟ್ಟುಕೊಂಡು ಬರುವುದನ್ನು ನೋಡಿ ಜೊತೆಯವರು ತಲೆನೋವೆಂದು ತಿಳಿದಿರುತ್ತಾರೆ.

ಯಾವ ನರ ಎಂಬುದನ್ನು ಬೆರಳು ಹೇಳುತ್ತದೆ. ಜೋಮು ಹೆಬ್ಬೆರಳಿನಲ್ಲಿದ್ದರೆ 6ನೆಯದು, ನಡುಬೆರಳಿನಲ್ಲಿದ್ದರೆ 7ನೆಯದು, ಕಿರುಬೆರಳಿನಲ್ಲಿದ್ದರೆ 8ನೆಯದು. ಬಲವನ್ನೂ ಹೋಲಿಸಿ ನೋಡಬೇಕು: ತೋಳನ್ನು ಪಕ್ಕಕ್ಕೆ ಎತ್ತಿ ಹಿಡಿಯುವುದು 5ನೆಯ ನರದ, ಮೊಣಕೈ ಮಡಿಸುವುದು ಬಹುಮಟ್ಟಿಗೆ 6ನೆಯದರ, ಗೋಡೆಯನ್ನು ತಳ್ಳುತ್ತ ಮೊಣಕೈ ನೆಟ್ಟಗೆ ಮಾಡುವುದು 7ನೆಯದರ, ಮುಷ್ಟಿಯ ಹಿಡಿತ 8ನೆಯದರ ಪಾಲು. ಜೋಮು ಮತ್ತು ನೋವು ಮಾತ್ರ ಇದ್ದರೆ ಕೆಲವು ವಾರ ಕಾಯಬಹುದು, ಹೆಚ್ಚಿನವರಿಗೆ ಶಸ್ತ್ರಚಿಕಿತ್ಸೆಯಿಲ್ಲದೆ ಆರರಿಂದ ಹನ್ನೆರಡು ವಾರಗಳಲ್ಲಿ ಇಳಿಯುತ್ತದೆ. ಬಲ ಕುಗ್ಗುತ್ತಿದ್ದರೆ ಕಾಯುವಂತಿಲ್ಲ.

ದಿನದಿಂದ ದಿನಕ್ಕೆ ನೋವು ಎತ್ತ ಸರಿಯುತ್ತಿದೆ ಎಂಬುದನ್ನೂ ಗಮನಿಸಿ. ಬೆರಳಿನಿಂದ ಮೊಣಕೈಗೆ, ಮೊಣಕೈಯಿಂದ ಹೆಗಲಿಗೆ ಹಿಂದೆ ಸರಿಯುತ್ತಿದ್ದರೆ, ಕುತ್ತಿಗೆಯಲ್ಲಿ ತುಸು ಹೆಚ್ಚಾದಂತೆ ಅನ್ನಿಸಿದರೂ ಅದು ಗುಣಮುಖವಾಗುವ ದಾರಿ. ಯಾವ ವ್ಯಾಯಾಮ ಮಾಡಿದಾಗ ಅದು ಕೆಳಕ್ಕೆ ಇಳಿಯುತ್ತದೋ ಆ ವ್ಯಾಯಾಮವನ್ನು ಅಂದೇ ನಿಲ್ಲಿಸಬೇಕು.

ಕಾರಣ ಸಿಕ್ಕ ಮೇಲೆ

ಸ್ನಾಯುವಿನ ನೋವಿಗೆ ಬಿಸಿ ಕಾವು ಅಥವಾ ತಣ್ಣನೆಯ ಪಟ್ಟಿ, ಯಾವುದು ಹಿತವೋ ಅದು. ಎಣ್ಣೆ ಹಚ್ಚಿ ಮೆಲ್ಲಗೆ ನೀವುವುದರಿಂದ ಕೆಡುಕಿಲ್ಲ. ಕ್ಷೌರದಂಗಡಿಯಲ್ಲಿ ತಲೆಯನ್ನು ಎರಡು ಕೈಯಲ್ಲಿ ಹಿಡಿದು ಲಟಕ್ಕೆನ್ನುವಂತೆ ತಿರುಗಿಸುವುದನ್ನು ಮಾತ್ರ ನಾನು ಯಾರಿಗೂ ಒಪ್ಪುವುದಿಲ್ಲ. ಕಶೇರುಕಗಳ ಪಕ್ಕದ ರಂಧ್ರಗಳ ಮೂಲಕವೇ ಮಿದುಳಿಗೆ ಹೋಗುವ ರಕ್ತನಾಳ ಹಾದುಹೋಗುತ್ತದೆ, ಅಪರೂಪಕ್ಕೆ ಆ ಎಳೆತಕ್ಕೆ ಅದು ಹರಿದು ಪಾರ್ಶ್ವವಾಯು ಆದದ್ದುಂಟು. ಕುತ್ತಿಗೆ ಪಟ್ಟಿಯನ್ನು ವೈದ್ಯರು ಹೇಳಿದಷ್ಟು ದಿನಕ್ಕಿಂತ ಹೆಚ್ಚು ಹಾಕಿದರೆ ಸ್ನಾಯು ಸೋಲುತ್ತದೆ. ಮೆಡಿಕಲ್ ಸ್ಟೋರಿನಲ್ಲಿ ಕೇಳಿ ತರುವ ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆಗಳು ಮೂತ್ರಪಿಂಡದ ತೊಂದರೆ, ಹೊಟ್ಟೆಹುಣ್ಣು, ರಕ್ತದೊತ್ತಡ ಇರುವವರಿಗೆ ಅಪಾಯ.

ಹಾಸಿಗೆ ಹಿಡಿದು ಮಲಗುವುದಕ್ಕಿಂತ, ನೋವು ಸಹಿಸುವಷ್ಟರ ಮಟ್ಟಿಗೆ ಕುತ್ತಿಗೆಯನ್ನು ಆಡಿಸುತ್ತಿರುವುದೇ ಬೇಗ ಗುಣ ಕೊಡುತ್ತದೆ. ಗೋಡೆಗೆ ಬೆನ್ನು ಕೊಟ್ಟು ಕುಳಿತು, ಎರಡು ಗದ್ದ ಮೂಡುವಂತೆ ಗದ್ದವನ್ನು ಒಳಕ್ಕೆ ಎಳೆದು ಐದು ಎಣಿಸುವವರೆಗೆ ಹಿಡಿದು ಬಿಡುವುದು, ಹತ್ತು ಸಲ. ಅಂಗೈಯನ್ನು ಹಣೆಗೆ ಒತ್ತಿ, ತಲೆಯನ್ನು ಅಲುಗಿಸದೆ ಎದುರು ಒತ್ತುವುದು, ಹತ್ತು ಸಲ. ದಿನಕ್ಕೆ ಮೂರು ಹೊತ್ತು ಇವೆರಡನ್ನೇ ಬಿಡದೆ ಮಾಡಿದವರು, ಹನ್ನೆರಡು ವ್ಯಾಯಾಮದ ಹಾಳೆ ಒಯ್ದವರಿಗಿಂತ ಬೇಗ ಚೇತರಿಸಿಕೊಂಡದ್ದನ್ನು ಕಂಡಿದ್ದೇನೆ. ಹಾಳೆಯನ್ನು ಈಗ ನಾನು ಕೊಡುವುದಿಲ್ಲ.

ಆರು ವಾರ ಕಳೆದರೂ ಇಳಿಯದಿದ್ದರೆ, ಅಥವಾ ಬಲ ಕುಗ್ಗಿದ್ದರೆ, ಎಂಆರ್‌ಐ ಸ್ಕ್ಯಾನಿಂಗ್ ಅಗತ್ಯವೇ ಎಂಬುದನ್ನು ವೈದ್ಯರು ನಿರ್ಧರಿಸುತ್ತಾರೆ. ಎಕ್ಸ್‌ರೇಯಲ್ಲಿ ನರ ಕಾಣುವುದಿಲ್ಲ; ಡಿಸ್ಕ್ ಕೂಡ ನೇರವಾಗಿ ಕಾಣದೆ, ಅದು ತೆಳುವಾದದ್ದನ್ನು ಮೂಳೆಗಳ ನಡುವಿನ ಅಂತರದಿಂದಷ್ಟೇ ತಿಳಿಯಬೇಕು. ಅವರ ಬಳಿಗೆ ಹೋಗುವಾಗ ಒಂದು ಹಾಳೆಯಲ್ಲಿ ನೋವು ಶುರುವಾದ ದಿನ, ಹೆಚ್ಚುವ ಹೊತ್ತು, ಎಬ್ಬಿಸುವ ಚಲನೆ, ಜೋಮು ಹಿಡಿಯುವ ಬೆರಳು, ಬದಲಾಯಿಸಿ ನೋಡಿದ ಸಂಗತಿ ಮತ್ತು ಅದರ ಫಲ, ಈಗ ನುಂಗುತ್ತಿರುವ ಮಾತ್ರೆಗಳ ಹೆಸರು ಇವಿಷ್ಟನ್ನು ಬರೆದು, ಎಕ್ಸ್‌ರೇ ಲಕೋಟೆಗೆ ಪಿನ್ ಹೊಡೆದು ಒಯ್ಯಿರಿ.